ಎರಡು ಝೆರಾಕ್ಸ್ ಮಾಡಿಸಿಕೊಂಡು ಬನ್ನಿ

ಬೀಳ್ಕೊಡುಗೆ ಸಭೆ ಮುಗಿಯುವ ಹೊತ್ತಿಗೆ ಆಕೆ ನನ್ನ ನೆನಪಿನಲ್ಲೂ ಸದಾ ನಗುಮುಖದವರಾಗಿಬಿಟ್ಟಿದ್ದರು. ಭಾಷಣಕಾರರು ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಿದ್ದರ ಪರಿಣಾಮ. ನಗುಮುಖ, ತಾಯಿಹೃದಯ, ಮೃದುಮಾತು. ವೇದಿಕೆಯ ಮೇಲೆ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆಕೆ ಮೃದುಮಾತು ಎಂದಾಗ ಮಾತ್ರ ತಲೆಯೆತ್ತಿ, ಇವತ್ತು ಇನ್ಯಾರಿಗಾದರೂ ನಿವೃತ್ತಿಯೇ ಎಂಬಂತೆ ಅಕ್ಕಪಕ್ಕ ನೋಡಿದರು.

ಆದ್ದರಿಂದ ಬೇಗ ಬರೆಯಬೇಕು. ಇಂಥ ಇನ್ನೊಂದು ಸಭೆ ನಡೆದರೆ ಆ ನಗುಮುಖವೇ ಖಾಯಂ ಆಗುತ್ತದೆ, ಆಮೇಲೆ ನಾನೂ ಅದನ್ನೇ ನಂಬುತ್ತೇನೆ.

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಹುಬ್ಬು ಯಾವಾಗಲೂ ಗಂಟಿಕ್ಕಿಕೊಂಡೇ ಇರುತ್ತಿತ್ತು. ಕನ್ನಡಕ ಹಣೆಯ ಮೇಲಿರುತ್ತಿತ್ತು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಒಂದು ಕಾಲನ್ನು ಇನ್ನೊಂದರ ಮೇಲೆ ಉಜ್ಜುತ್ತಾ ಮಾತಾಡುವುದು ಅಭ್ಯಾಸ. ಸೀರೆಯ ಬಗ್ಗೆ ಜಂಭವಿತ್ತು. ಸ್ವಂತ ಊಟದ ಡಬ್ಬಿ ತರುತ್ತಿದ್ದರು, ಆದರೆ ನಮ್ಮ ಡಬ್ಬಿಗಳಿಂದಲೇ ಊಟ ಶುರುವಾಗುತ್ತಿತ್ತು. ಸುಳ್ಳು ಹೇಳುವಾಗ ದನಿ ಸ್ವಲ್ಪವೂ ಬದಲಾಗುತ್ತಿರಲಿಲ್ಲ. ಈ ಕೊನೆಯದನ್ನು ಯಾರಾದರೂ ಭಾಷಣದಲ್ಲಿ ಹೇಳಬೇಕಿತ್ತು. ಆಕೆಯ ಕೆಲಸವೆಲ್ಲ ನಿಂತಿದ್ದು ಅದರ ಮೇಲೆ.

ನಮ್ಮದೊಂದು ಸಣ್ಣ ತಂಡ. ಭಟ್ಕಳ, ಹೊನ್ನಾವರ, ಕುಮಟಾ ಆಸ್ಪತ್ರೆಗಳಿಗೆ ವಾರದ ಒಂದೊಂದು ದಿನ ಜೀಪಿನಲ್ಲಿ ಹೋಗಿ ಮಾನಸಿಕ ಕಾಯಿಲೆಯವರನ್ನು ನೋಡುವುದು. ಒಬ್ಬ ಡಾಕ್ಟರು, ಒಬ್ಬ ಡ್ರೈವರ್, ಮಾತ್ರೆ ಕೊಡುವ ನಾನು, ಮತ್ತು ರೋಗಿಗಳೊಂದಿಗೆ ಕೂತು ಮಾತಾಡುವ ಆಕೆ. ಹುದ್ದೆಯ ಹೆಸರು ಆಪ್ತಸಮಾಲೋಚಕಿ. ಆ ಶಬ್ದ ಯಾರ ಬಾಯಲ್ಲೂ ಹೊರಳದ ಕಾರಣ ಕೆಲವರಿಗೆ ಮೇಡಂ, ಹಳ್ಳಿಯ ಹೆಂಗಸರಿಗೆ ಅಕ್ಕೋರು. ಮೂರೂ ಕಡೆ ಡಾಕ್ಟರ ಮೇಜು ಪಕ್ಕದ ಕೋಣೆಯಲ್ಲಿ, ನಮಗಿಬ್ಬರಿಗೆ ಸಿಕ್ಕಿದ್ದು ಬೇರೆ ಯಾವ ವಿಭಾಗಕ್ಕೂ ಬೇಡವಾದ ಕೋಣೆ. ಅದರ ಮಧ್ಯೆ ಮಾಡಿಗೆ ಮುಟ್ಟದ ಒಂದು ಪ್ಲೈವುಡ್ ಗೋಡೆ. ಆಚೆ ಆಕೆಯ ಮೇಜು, ಈಚೆ ನನ್ನ ಮಾತ್ರೆಯ ಡಬ್ಬಗಳು ಮತ್ತು ಗಡಗಡ ಫ್ಯಾನು. ಆ ಫ್ಯಾನಿನ ಮೇಲಿಂದ ನನಗೆ ಆಕೆಯ ಮಾತು ಕೇಳುತ್ತಿತ್ತು, ರೋಗಿಗಳದ್ದು ಕೇಳುತ್ತಿರಲಿಲ್ಲ. ಹಾಗಾಗಿ ನನ್ನ ನೆನಪುಗಳೆಲ್ಲ ಅರ್ಧರ್ಧ ಮಾತುಕತೆಗಳು. ಉಳಿದ ಅರ್ಧವನ್ನು ಇಷ್ಟು ವರ್ಷಗಳಲ್ಲಿ ನಾನೇ ತುಂಬಿಕೊಂಡಿರಬಹುದು. ಎಲ್ಲಿ ತುಂಬಿದ್ದೇನೆ ಎಂದು ಈಗ ನನಗೇ ಪತ್ತೆಯಾಗುವುದಿಲ್ಲ.

ಆಕೆ ಮಾಡುತ್ತಿದ್ದ ಕೆಲಸವನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಮಾನಸಿಕ ಕಾಯಿಲೆ ಬಂದ ಹುಡುಗ ಹುಡುಗಿಯರಿಗೂ ಮೈ ಎಂಬುದೊಂದು ಇದೆ, ಅದಕ್ಕೆ ಆಸೆ ಇದೆ, ಭಯ ಇದೆ, ನಾವು ಕೊಡುವ ಮಾತ್ರೆಗಳು ಅಲ್ಲಿಯೂ ಕೈಯಾಡಿಸುತ್ತವೆ. ಇದನ್ನು ಆ ಹುಡುಗ ಹುಡುಗಿಯರ ಬಾಯಿಂದಲೇ ಕೇಳಿಸಿಕೊಳ್ಳುವುದು ಆಕೆಯ ಕೆಲಸ. ಹಾಗೆಂದು ಸರ್ಕಾರ ಬರೆದುಕೊಟ್ಟಿರಲಿಲ್ಲ. ಆಕೆಯೇ ಹಚ್ಚಿಕೊಂಡಿದ್ದು.

ನಮ್ಮ ಕಡೆ ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ತಲೆ ಕೆಟ್ಟವರಿಗೆ ಅಂಥ ಆಸೆಗಳೇ ಇರುವುದಿಲ್ಲ ಎಂಬುದು ಒಂದು. ಮದುವೆ ಮಾಡಿದರೆ ತಲೆ ಸರಿಯಾಗುತ್ತದೆ ಎಂಬುದು ಇನ್ನೊಂದು. ಒಂದೇ ತಂದೆ ಬೆಳಿಗ್ಗೆ ಮೊದಲನೆಯದನ್ನೂ ಸಂಜೆ ಎರಡನೆಯದನ್ನೂ ಹೇಳಬಲ್ಲ. ಆಕೆಗೆ ಮೂರನೆಯ ಅಭಿಪ್ರಾಯವೊಂದಿತ್ತು, ಜೀಪಿನಲ್ಲಿ ಸೇಂಗಾ ಚಿಕ್ಕಿ ಕಡಿಯುತ್ತಾ ಹೇಳುತ್ತಿದ್ದರು: "ಕಾಯಿಲೆ ಬಂದಿದ್ದು ತಲೆಗೆ ಮಾರಾಯ್ರೆ. ಉಳಿದದ್ದೆಲ್ಲ ಎಲ್ಲಿತ್ತೋ ಅಲ್ಲೇ ಅದೆ."

ಕಷ್ಟವಿದ್ದದ್ದು ಕೇಳುವುದರಲ್ಲಿ. ನಮ್ಮಲ್ಲಿ ಇಂಥ ರೋಗಿಗಳು ಒಬ್ಬರೇ ಬರುವುದಿಲ್ಲ. ಹುಡುಗನ ಜೊತೆ ಅಪ್ಪ ಅಥವಾ ಸೋದರಮಾವ, ಹುಡುಗಿಯ ಜೊತೆ ತಾಯಿ. ಪ್ರಶ್ನೆ ಹುಡುಗನಿಗೆ, ಉತ್ತರ ಮಾವನದು. ನಿದ್ದೆ ಬರ್ತದಾ ಎಂದರೆ, ಬರ್ತದೆ, ಎನ್ನುವರು ಮಾವ. ಬೇಜಾರಾಗ್ತದಾ ಎಂದರೆ, ಅವನಿಗೆಂತ ಬೇಜಾರು, ಎನ್ನುವರು ಮಾವ. ಸ್ವಲ್ಪ ಹೊರಗೆ ಕೂತಿರಿ, ಹುಡುಗನೊಬ್ಬನ ಹತ್ತಿರವೇ ಮಾತಾಡಬೇಕು ಎಂದರೆ ಮಾವನ ಮುಖ ಬಿಗಿಯುತ್ತಿತ್ತು. ನಮ್ಮೆದುರು ಹೇಳಲಾಗದ್ದು ಎಂತ ಅದೆ?

ಆಗ ಬಂದದ್ದು ಝೆರಾಕ್ಸ್. "ಆಧಾರ್ ಕಾರ್ಡ್ ತಂದಿದ್ರಾ? ಎರಡು ಝೆರಾಕ್ಸ್ ಮಾಡಿಸ್ಕಂಡು ಬನ್ನಿ."

ಮಾವ ಎದ್ದು ಹೋಗುತ್ತಿದ್ದರು. ತಾಯಿ ಎದ್ದು ಹೋಗುತ್ತಿದ್ದಳು. ಮಗಳನ್ನು ಒಬ್ಬಳನ್ನೇ ದೇವರ ಗುಡಿಯಲ್ಲೂ ಬಿಡದ ತಾಯಂದಿರು ಝೆರಾಕ್ಸ್ ಎಂದೊಡನೆ ಸೆರಗು ಸರಿಮಾಡಿಕೊಂಡು ಬಿಸಿಲಿಗಿಳಿಯುತ್ತಿದ್ದರು. ಯಾಕೆ ಎಂದು ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ನಮ್ಮ ಜನ ಸರ್ಕಾರದ ಲಸಿಕೆಯನ್ನು ಅನುಮಾನಿಸುತ್ತಾರೆ, ಮಾತ್ರೆಯನ್ನು, ಅಕ್ಕಿಯನ್ನು, ಜನಗಣತಿಯವರನ್ನು ಅನುಮಾನಿಸುತ್ತಾರೆ. ಝೆರಾಕ್ಸನ್ನು ಅನುಮಾನಿಸಿದವರಿಲ್ಲ. ಅಂಗಡಿಗೆ ಹೋಗಿ, ಸಾಲಿನಲ್ಲಿ ನಿಂತು, ಮಾಡಿಸಿ ಬರುವಷ್ಟರಲ್ಲಿ ಆಕೆಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಆ ಕಾಗದಗಳನ್ನು ಸಂಜೆ ವಾಪಸು ಹೋಗುವಾಗ ಜೀಪಿನಲ್ಲಿ ಕೂತು ಚೂರುಚೂರು ಹರಿದು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದರು. ಶರಾವತಿ ಸೇತುವೆ ಬರುವಷ್ಟರಲ್ಲಿ ಆ ದಿನದ ದಾಖಲೆಗಳೆಲ್ಲ ಮುಗಿದಿರುತ್ತಿದ್ದವು.

ಈ ಉಪಾಯ ಹೇಗೆ ಹೊಳೆಯಿತು ಎಂಬುದಕ್ಕೆ ಆಕೆ ನನಗೆ ಬೇರೆ ಬೇರೆ ಸಂದರ್ಭದಲ್ಲಿ ಬೇರೆ ಬೇರೆ ಕತೆ ಹೇಳಿದ್ದಾರೆ. ಒಮ್ಮೆ ನಿಜವಾಗಿಯೂ ಝೆರಾಕ್ಸ್ ಬೇಕಾಗಿತ್ತಂತೆ, ತಾಯಿ ಹೋದದ್ದೇ ಹುಡುಗಿ ಬಾಯಿಬಿಟ್ಟಳಂತೆ. ಇನ್ನೊಮ್ಮೆ, ಸ್ವಂತ ಅತ್ತೆಯನ್ನು ಮನೆಯಿಂದ ಹೊರಗೆ ಕಳಿಸಲು ಕಲಿತದ್ದು ಎಂದರು. ನನಗೆ ಎರಡನೆಯದು ಇಷ್ಟ. ಇಷ್ಟವಾದ ಕಾರಣಕ್ಕೇ ಅದನ್ನು ನಂಬಲು ಹಿಂಜರಿಯುತ್ತೇನೆ.

ಉಪಾಯ ಯಾವಾಗಲೂ ಸಲೀಸಾಗಿ ನಡೆಯಲಿಲ್ಲ. ಗೇರುಸೊಪ್ಪ ಕಡೆಯ ಒಬ್ಬ ಮುದುಕ ತಂದೆ ಹೊನ್ನಾವರದಲ್ಲಿ ಕರೆಂಟಿಲ್ಲದ ದಿನ ಝೆರಾಕ್ಸಿಗೆ ಹೋಗಿ, ಕರೆಂಟು ಬರುವ ತನಕ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಊರಿನ ಬಸ್ಸು ತಪ್ಪಿತು. ಅಪ್ಪ ಮಗ ಇಬ್ಬರನ್ನೂ ಆಕೆ ತನ್ನ ಮನೆಗೆ ಕರೆದುಕೊಂಡು ಹೋದರು. ಮುದುಕರು ರಾತ್ರಿಯೆಲ್ಲ ಕೆಮ್ಮಿದರು ಎಂದು ಒಂದು ವಾರ ನಮ್ಮೆಲ್ಲರ ಹತ್ತಿರ ಬೈದುಕೊಂಡರು. ತಾಯಿಹೃದಯ.

ಭಟ್ಕಳದಲ್ಲಿ ಬೋಟಿಗೆ ಹೋಗುವ ಒಬ್ಬ ಹುಡುಗನಿದ್ದ. ಮೊದಲ ಮಾತ್ರೆಗಳಿಂದ ಚೆನ್ನಾಗಿ ಚೇತರಿಸಿಕೊಂಡಿದ್ದವನು ಆಮೇಲೆ ಮಾತ್ರೆಯನ್ನೆಲ್ಲ ಸಮುದ್ರಕ್ಕೆ ಎಸೆಯತೊಡಗಿದ್ದ. ಮತ್ತೆ ಕಿವಿಯಲ್ಲಿ ಮಾತುಗಳು ಶುರುವಾಗಿದ್ದವು. ಇಷ್ಟು ಮಾಡಿದರೂ ಕೃತಜ್ಞತೆ ಇಲ್ಲ ಎಂದು ಅಪ್ಪ ಕೈ ಝಾಡಿಸುತ್ತಿದ್ದರು. ನಮ್ಮ ಡಾಕ್ಟರು ಒಳ್ಳೆಯ ಹುಡುಗ, ಬಯಲುಸೀಮೆಯವರು, ಪುಸ್ತಕ ಓದಿದವರು. ಆದರೆ ಅವರ ಪ್ರಶ್ನೆ ಯಾವಾಗಲೂ ಒಂದೇ: ಬೇರೆ ಏನಾದ್ರೂ ತೊಂದರೆ ಇದೆಯಾ? ಆ "ಬೇರೆ ಏನಾದ್ರೂ" ಎಂಬುದರಲ್ಲಿ ಕುತ್ತಿಗೆಯಿಂದ ಕೆಳಗಿನ ಸಮಸ್ತವೂ ಅಡಗಿತ್ತು. ಕೇಳುವಾಗ ಕಣ್ಣು ಕ್ಯಾಲೆಂಡರಿನ ಮೇಲಿರುತ್ತಿತ್ತು. ಇಲ್ಲ ಸಾರ್, ಎನ್ನುತ್ತಿದ್ದರು ಎಲ್ಲರೂ. ಕ್ಯಾಲೆಂಡರಿನ ಹತ್ತಿರ ಯಾರು ಏನು ಹೇಳಿಕೊಂಡಾರು?

ಅಪ್ಪನನ್ನು ಝೆರಾಕ್ಸಿಗೆ ಕಳಿಸಿ ಆಕೆ ಹುಡುಗನನ್ನು ನೇರವಾಗಿ ಕೇಳಿದರು, ಮಾತ್ರೆ ತಗೊಂಡ ಮೇಲೆ ಗಂಡಸುತನಕ್ಕೆ ತೊಂದರೆ ಆಗಿದೆಯಾ ಎಂದು. ಆಮೇಲೆ ಆ ಹುಡುಗ, ಹೇಳೂದಾ ಮೇಡಂ, ಎಂದನಂತೆ.

"ಹೇಳೂದಕ್ಕೇ ನಿನ್ನ ಅಪ್ಪನ್ನ ಬಿಸಿಲಿಗೆ ಕಳಿಸಿದ್ದು."

ಮಾತ್ರೆ ಅವನ ಕಿವಿಯನ್ನು ಶಾಂತಗೊಳಿಸುವಾಗ ಇನ್ನೊಂದನ್ನೂ ಶಾಂತಗೊಳಿಸಿತ್ತು. ಬೋಟಿನಲ್ಲಿ ಜೊತೆಗಾರರ ಪೋಲಿ ಮಾತುಗಳ ಮಧ್ಯೆ ಅವನು ತಾನಿನ್ನು ಗಂಡಸೇ ಅಲ್ಲ ಎಂದು ತೀರ್ಮಾನಿಸಿದ್ದ. ಇದು ಮಾತ್ರೆಯಿಂದ ಆದದ್ದು, ಮಾತ್ರೆ ಬದಲಿಸಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಅವನನ್ನು ಯಾರೂ ಕೇಳಿರಲಿಲ್ಲ. ಆಕೆ ಡಾಕ್ಟರ ಮೇಜಿಗೆ ಹೋಗಿ ವಿಷಯ ಹೇಳಿದರು. ನಮ್ಮ ಡಾಕ್ಟರ ಕಿವಿ ಕೆಂಪಾಯಿತು, ಆದರೆ ಚೀಟಿ ಬದಲಾಯಿತು. ಮುಂದೆ ಅವನ ಮದುವೆ ಮಾತು ಬಂದಾಗ, ಮಾತ್ರೆಯ ವಿಷಯವನ್ನು ಹುಡುಗಿಗೆ ನೀನೇ ಹೇಳಬೇಕು, ಅದೂ ತಾಳಿ ಕಟ್ಟುವ ಮೊದಲು ಎಂದು ಆಕೆ ಹಟ ಹಿಡಿದರು. ಅವನು ಹೇಳಿದ. ಒಪ್ಪಿದ್ದು ಆ ಹುಡುಗಿಯೋ, ಆಮೇಲೆ ನೋಡಿದ ಎರಡನೆಯವಳೋ, ನನ್ನ ನೆನಪು ಇಲ್ಲಿ ಗಟ್ಟಿ ಇಲ್ಲ. ಮದುವೆಯ ಊಟ ಮಾಡಿದ್ದು ಮಾತ್ರ ಗಟ್ಟಿ.

ಹೊನ್ನಾವರದ ಒಂದು ಕಾಲೇಜಿನಲ್ಲಿ ಮಾನಸಿಕ ಕಾಯಿಲೆ ಇರುವ ಯುವಜನರ ಲೈಂಗಿಕ ಆರೋಗ್ಯದ ಬಗ್ಗೆ ಕಾರ್ಯಕ್ರಮ ಎಂದು ಮೇಲಿನಿಂದ ಆದೇಶ ಬಂತು. ಮೊದಲ ಸಭೆಯಲ್ಲಿ ಲೈಂಗಿಕ ಎಂಬ ಶಬ್ದ ಬ್ಯಾನರಿಗೆ ಬೇಡ ಎಂದಾಯಿತು, ದೈಹಿಕ ಎಂದು ಬರೆದರು. ಎರಡನೆಯ ಸಭೆಯಲ್ಲಿ ದೈಹಿಕ ಎಂದರೂ ಜನ ಅದನ್ನೇ ಅಂದುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು, ಸಮಗ್ರ ಎಂದಾಯಿತು. ಮಾನಸಿಕ ಕಾಯಿಲೆ ಎಂದರೆ ಪೋಷಕರಿಗೆ ಬೇಸರ ಎಂದು ಅದನ್ನೂ ತೆಗೆದರು. ಬ್ಯಾನರಿನಲ್ಲಿ ಕೊನೆಗೆ ಉಳಿದದ್ದು "ಯುವಜನ ಮತ್ತು ಸಮಗ್ರತೆ". ಮುಖ್ಯ ಅತಿಥಿಗಳು ಮೊಳಕೆ ಕಾಳಿನ ಬಗ್ಗೆ ಮಾತಾಡಿದರು. ಆಮೇಲೆ ಮೈಕು ಆಕೆಯ ಕೈಗೆ ಬಂತು. ಆಕೆ ನೇರ ವಿಷಯಕ್ಕೇ ಹೋದರು. ಕಾಯಿಲೆ ಇರುವವರಿಗೂ ಪ್ರೀತಿಸುವ ಹಕ್ಕಿದೆ, ಬೇಡ ಎನ್ನುವ ಹಕ್ಕೂ ಇದೆ, ಅವರ ಮನಸ್ಸು ಸರಿಯಿಲ್ಲದ ಹೊತ್ತು ನೋಡಿ ಮೈಮೇಲೆ ಬೀಳುವವರು ಬಹಳ ಸಲ ಮನೆಯವರೇ ಆಗಿರುತ್ತಾರೆ, ನಿರೋಧ್ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ನಿದ್ದೆ ಹೋಗಿದ್ದ ಸಭಾಂಗಣ ಎದ್ದು ಕೂತಿತು. ಪ್ರಾಂಶುಪಾಲರು ಸನ್ನೆ ಮಾಡಿದರು. ವಂದನಾರ್ಪಣೆಯವರು ಆಕೆಯ ವಾಕ್ಯದ ಮಧ್ಯದಲ್ಲೇ ಇನ್ನೊಂದು ಮೈಕಿನಲ್ಲಿ ವಂದಿಸತೊಡಗಿದರು. ಸ್ವಲ್ಪ ಹೊತ್ತು ಎರಡು ಮೈಕಿನಲ್ಲಿ ನಿರೋಧ್ ಮತ್ತು ಕೃತಜ್ಞತೆ ಜೊತೆಜೊತೆಯಾಗಿ ನಡೆದವು.

ಇನ್ನು ಒಬ್ಬ ಹುಡುಗಿಯ ವಿಷಯ. ಅವಳ ಊರು ಅಘನಾಶಿನಿ ಎಂದಿಟ್ಟುಕೊಳ್ಳಿ. ಶರಾವತಿಯ ದಡವೂ ಆಗಿರಬಹುದು. ನಾನು ಬೇಕೆಂದೇ ಅಲ್ಲಲ್ಲಿ ಬದಲಿಸಿದ್ದೇನೆ. ಆಸ್ಪತ್ರೆ ಮೂರರಲ್ಲಿ ಯಾವುದೆಂದೂ ಹೇಳುವುದಿಲ್ಲ.

ಅವಳಿಗೆ ಇಪ್ಪತ್ತು ದಾಟಿತ್ತು. ಕಾಯಿಲೆ ಬಂದು ಮನೆ ಬಿಟ್ಟು ಓಡಾಡಿ, ಆಮೇಲೆ ನಮ್ಮ ಮಾತ್ರೆಯಿಂದ ಸರಿಯಾಗಿ, ತಾಯಿಯ ಜೊತೆ ಮತ್ತೆ ಬಳಚು ಹೆಕ್ಕಲು ಹೋಗತೊಡಗಿದ್ದಳು. ಹೊಳೆ ಸಮುದ್ರ ಸೇರುವಲ್ಲಿ ನೀರು ಇಳಿದಾಗ ಹೆಂಗಸರೆಲ್ಲ ಸೊಂಟ ಬಗ್ಗಿಸಿ ಮರಳಿನಿಂದ ಚಿಪ್ಪು ಹೆಕ್ಕುವ ಕೆಲಸ. ಅವರ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಮುಟ್ಟಾದ ದಿನಗಳಲ್ಲಿ ಹೆಂಗಸರು ಹೊಳೆಗಿಳಿಯುವುದಿಲ್ಲ. ಇಳಿದರೆ ಬಳಚು ಮರಳಿನ ಅಡಿಗೆ ಹೋಗಿಬಿಡುತ್ತದಂತೆ. ಹಾಗಾಗಿ ಯಾರು ಯಾವಾಗ ಬಂದಿಲ್ಲ ಎಂಬುದು ಇಡೀ ಕೇರಿಗೆ ಗೊತ್ತು, ಯಾರು ಯಾವಾಗಲೂ ಬರುತ್ತಿದ್ದಾರೆ ಎಂಬುದು ಇನ್ನೂ ಚೆನ್ನಾಗಿ ಗೊತ್ತು. ಈ ಹುಡುಗಿ ತಿಂಗಳುಗಟ್ಟಲೆ ಒಂದು ದಿನವೂ ತಪ್ಪಿಸಿರಲಿಲ್ಲ. ಬೇರೆ ಕಡೆಯಾದರೆ ಇಂಥ ಹಾಜರಿಗೆ ಬಹುಮಾನ ಕೊಡುತ್ತಾರೆ.

ಕೇರಿ ಅರ್ಥಮಾಡಿಕೊಂಡಿತು. ಅದೇ ಕೇರಿಯ ಇನ್ನೊಬ್ಬ ಹೆಂಗಸು, ಗಂಡನ ಮಾತ್ರೆ ಒಯ್ಯಲು ಬಂದವಳು, ನನ್ನ ಕಿಟಕಿಯಲ್ಲಿ ನಿಂತು ಪೂರ್ತಿ ವರದಿ ಒಪ್ಪಿಸಿದಳು. ಇಂಥದ್ದನ್ನೆಲ್ಲ ನಾವು ಮಾತಾಡೂದಿಲ್ಲಪ್ಪ, ಎಂದು ನಡುನಡುವೆ ಹೇಳುತ್ತಿದ್ದಳು. ಹುಡುಗಿ ಬಸಿರಂತೆ. ಯಾರದ್ದು ಎಂಬುದಕ್ಕೆ ಕೇರಿಯಲ್ಲಿ ಮೂರು ಹೆಸರು ಓಡಾಡುತ್ತಿವೆಯಂತೆ. ಭಟ್ಕಳದ ಕಡೆ ಒಬ್ಬನನ್ನು ಹುಡುಕಿದ್ದಾರಂತೆ, ವಯಸ್ಸು ನಲವತ್ತು ದಾಟಿದೆ, ಹೆಂಡತಿ ಸತ್ತಿದ್ದಾಳೆ, ಬರುವ ಭಾನುವಾರ ಬಂದು ಮಾತು ಮುಗಿಸುತ್ತಾರಂತೆ. ಅವರ ಕಣ್ಣಿಗೆ ಬೀಳಬಾರದೆಂದು ಮಾತ್ರೆಯನ್ನೂ ನಿಲ್ಲಿಸುವವರಂತೆ. ಹೇಳಿ ಮುಗಿಸಿ, ಗಂಡನ ಮಾತ್ರೆ ಎಣಿಸಿಕೊಂಡು ಹೋದಳು.

ಅದೇ ದಿನ ಆಸ್ಪತ್ರೆಯಲ್ಲಿ ಒಂದು ಉದ್ಘಾಟನೆ ಇತ್ತು. ಕೆಲವು ವಾರಗಳ ಹಿಂದೆ ಎದುರಿನ ಝೆರಾಕ್ಸ್ ಅಂಗಡಿಯವನು, ಮಾನಸಿಕ ವಿಭಾಗದ ಝೆರಾಕ್ಸ್ ಇಲ್ಲಿ ಮಾಡಿಕೊಡಲಾಗುವುದು ಎಂದು ಬೋರ್ಡು ಹಾಕಿದ್ದ. ಆಸ್ಪತ್ರೆಯ ಮುಖ್ಯಸ್ಥರು ಅದನ್ನು ಓದಿದರು. ಬಡ ರೋಗಿಗಳ ಕಡೆಯವರು ಬಿಸಿಲಲ್ಲಿ ರಸ್ತೆ ದಾಟುತ್ತಿದ್ದಾರಲ್ಲ ಎಂದು ಅವರ ಮನಸ್ಸು ಕರಗಿತು. ದಾನಿಗಳೊಬ್ಬರನ್ನು ಹಿಡಿದು ಹೊಸ ಯಂತ್ರ ತರಿಸಿದರು. ಇಟ್ಟದ್ದು ನಮ್ಮ ಬಾಗಿಲಿನ ಪಕ್ಕದಲ್ಲೇ, ಯಾಕೆಂದರೆ ನಮಗೇ ಅದರ ಅಗತ್ಯ ಹೆಚ್ಚು. ಅವತ್ತು ರಿಬ್ಬನ್ ಕತ್ತರಿಸಿ, ಸ್ವಂತ ಆಧಾರ್ ಕಾರ್ಡಿನ ಪ್ರತಿ ತೆಗೆದು ಉದ್ಘಾಟಿಸಿದರು. ನಮ್ಮ ಮೇಡಂ ಕೂಡ ಚಪ್ಪಾಳೆ ತಟ್ಟಿದರು. ಅಷ್ಟು ನಿಧಾನ ಚಪ್ಪಾಳೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ತಾಯಿ ಮಗಳು ಒಳಗೆ ಬಂದರು. ತಾಯಿಯದ್ದು ಗಟ್ಟಿ ಮೈ, ಬಿಸಿಲಿಗೆ ಕಪ್ಪಾದ ಮುಖ. ಮಗಳು ತಲೆ ತಗ್ಗಿಸಿ ಬೆರಳಿನ ಗಾಯವನ್ನು ಕೀಳುತ್ತಿದ್ದಳು. ಆಕೆ ಎಂದಿನಂತೆ ಝೆರಾಕ್ಸ್ ಕೇಳಿದರು. ತಾಯಿ ಎದ್ದು ಹೋದಳು, ಹುಡುಗಿ ತಲೆಯೆತ್ತುವ ಮೊದಲೇ ಬಿಸಿಬಿಸಿ ಕಾಗದ ಹಿಡಿದು ವಾಪಸಾದಳು. ಪಕ್ಕದಲ್ಲೇ ಮಾಡಿಕೊಡ್ತ್ರು ಅಕ್ಕೋರೆ, ಒಳ್ಳೇದಾತು, ಎಂದು ಗಟ್ಟಿಯಾಗಿ ಕೂತಳು.

ಪ್ಲೈವುಡ್ಡಿನ ಆಚೆ ಆಕೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಿರಬೇಕು.

"ಇದಕ್ಕೆ ಗೆಜೆಟೆಡ್ ಆಫೀಸರ್ ಸಹಿ ಬೇಕಲ," ಎಂದರು ಕೊನೆಗೆ. "ಸೀಲು ಸಹಿತ."

ಆಸ್ಪತ್ರೆಯಲ್ಲಿ ಅಂಥ ಸೀಲಿದ್ದದ್ದು ಒಬ್ಬರ ಹತ್ತಿರವೇ, ಯಂತ್ರ ತರಿಸಿದ ಮುಖ್ಯಸ್ಥರ ಹತ್ತಿರ. ದಾನಿಗಳ ಜೊತೆ ಗೋಡಂಬಿ ತಿನ್ನುತ್ತಾ ಕೂತಿದ್ದ ಅವರ ಬಾಗಿಲಿನಲ್ಲಿ ತಾಯಿ ನಿಂತಳು. ಎಷ್ಟು ಹೊತ್ತು ನಿಂತಳೋ. ಆಮೇಲೆ ಮುಖ್ಯಸ್ಥರು ಯಾಕೆಂದು ಕೇಳದೆ ಸಹಿ ಮಾಡಿಕೊಟ್ಟರಂತೆ. ಸೀಲು ಹಾಕುವ ಸುಖ ಅವರಿಗೂ ಇತ್ತು.

ಈ ನಡುವೆ ನನಗೆ ಕೇಳಿದ್ದು ಇಷ್ಟು, ಆಕೆಯ ಅರ್ಧ ಮಾತ್ರ.

"ಯಾವಾಗಿಂದ ಬರ್ಲಿಲ್ಲ?"

"ಎದೆಯಲ್ಲಿ ಹಾಲಿನ ಹಂಗೆ ಎಂತಾದ್ರೂ ಬರ್ತದಾ? ಹೆದರೂದೆಂತಕೆ, ಮಾತ್ರೆಯಿಂದ ಹಂಗಾಗ್ತದೆ. ನೀ ಒಬ್ಳೇ ಅಲ್ಲ."

"ಅವನು ಯಾರು ಅಂತ ನಂಗೆ ಬೇಡ. ನಿಂಗೆ ಬೇಕಿತ್ತಾ, ಅವನಿಗೆ ಮಾತ್ರ ಬೇಕಿತ್ತಾ, ಅದು ಹೇಳು."

"ಆತು. ಇಬ್ಬರಿಗೂ. ನಾ ಎಂತದೂ ಹೇಳೂದಿಲ್ಲ, ಅಳಬೇಡ."

"ಮುಟ್ಟು ಇಲ್ಲ ಅಂತ ಧೈರ್ಯ ಮಾಡಿದ್ರಾ? ಮುಟ್ಟು ನಿಂತ್ರೂ ಬಸಿರು ನಿಲ್ತದೆ ಮಾರಾಯ್ತಿ. ಇನ್ನು ಮಾತ್ರೆ ಬದಲಿಸಿದ ಮೇಲಂತೂ ಜಾಗ್ರತೆ ಬೇಕು. ಇದು ನೋಡು, ನಿರೋಧ್, ಹೀಂಗೆ ಬಿಡಿಸೂದು. ಅವನು ಬೇಡ ಅಂದ್ರೆ ನೀನೂ ಬೇಡ ಅನ್ನು."

ಹುಡುಗಿ ಏನು ಹೇಳಿದಳೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಾಗಿದ್ದರೆ ಅದು ನಿಮ್ಮ ಊಹೆ. ಅವಳ ದನಿಯಲ್ಲಿ ನನಗೆ ಸ್ಪಷ್ಟವಾಗಿ ಕೇಳಿದ್ದು ಒಂದೇ ವಾಕ್ಯ, ಅದು ಫ್ಯಾನನ್ನೂ ದಾಟಿ ಬಂತು: "ನಂಗೆ ಭಟ್ಕಳ ಬ್ಯಾಡ."

ಮೂತ್ರ ಪರೀಕ್ಷೆಗೆ ಆಕೆಯೇ ಹುಡುಗಿಯನ್ನು ಕರೆದುಕೊಂಡು ಹೋದರು. ವಾಪಸು ಬರುವಾಗ ಡಾಕ್ಟರ ಮೇಜಿನ ಹತ್ತಿರ ನಿಂತು ಅವರ ಕ್ಯಾಲೆಂಡರಿಗೆ ಅಡ್ಡವಾಗಿ ಮಾತಾಡಿದರು. ರಕ್ತ ಪರೀಕ್ಷೆ ಬರೆಸಿದರು, ಮಾತ್ರೆ ಬದಲಿಸುವ ಮಾತಾಯಿತು. ತಾಯಿ ಸೀಲು ಹಾಕಿದ ಕಾಗದ ತಂದಾಗ ಎಲ್ಲ ಮುಗಿದಿತ್ತು. ಆ ಕಾಗದವನ್ನು ನೀರಿನ ಬಾಟಲಿಯ ಅಡಿಗೆ ಇಟ್ಟು ಆಕೆ ಹೇಳಿದರು, ನಿಮ್ಮ ಮಗ್ಳು ಬಸಿರಿಲ್ಲ, ಮುಟ್ಟು ನಿಂತದ್ದು ಮಾತ್ರೆಯಿಂದ, ಮಾತ್ರೆ ಬದಲಿಸಿದರೆ ಸರಿಯಾಗ್ತದೆ, ಆದರೆ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ಮತ್ತೆ ಮನೆ ಬಿಟ್ಟು ಓಡ್ತಾಳೆ.

ತಾಯಿಯ ದನಿ ಹೊಳೆಯ ಆಚೆ ದಡಕ್ಕೆ ಕರೆದು ರೂಢಿಯಾದದ್ದು, ಅದು ನನಗೆ ಪೂರ್ತಿ ಕೇಳುತ್ತಿತ್ತು.

"ಬಸಿರಿಲ್ಲ. ಆತು. ಅವ್ಳು ನಿಮ್ಮತ್ರ ಮತ್ತೆಂತ ಹೇಳ್ತು?"

"ಅವ್ಳು ಹೇಳಿದ್ದು ಅವ್ಳದ್ದು."

"ನಾ ತಾಯಿ ಅಲ್ದಾ ಅಕ್ಕೋರೆ?"

"ಹೌದು. ಅದಕ್ಕೇ ನಿಮ್ಮತ್ರ ಹೇಳ್ಲಿಲ್ಲ."

ಹಾಗಾದರೆ ಒಂದು ಕಾಗದ ಬರೆದುಕೊಡಿ ಎಂದಳು ತಾಯಿ. ಏನೂ ಆಗಿಲ್ಲ, ಹುಡುಗಿ ಶುದ್ಧ ಇದ್ದಾಳೆ ಎಂದು. ಕೇರಿಯಲ್ಲಿ ಮನೆಮನೆಗೆ ತೋರಿಸಿ ಬರುತ್ತೇನೆ. ವರ್ಷಗಟ್ಟಲೆ ಊರವರಿಂದೆಲ್ಲ ಕಾಗದ ತರಿಸಿಕೊಂಡಿದ್ದ ಆಕೆಯಿಂದ ಯಾರೋ ಕಾಗದ ಕೇಳಿದ್ದು ಇದೇ ಮೊದಲಿರಬೇಕು.

"ಬಸಿರಿಲ್ಲ ಅಂತ ಬರ್ಸಿ ಕೊಡ್ತೆ," ಎಂದರು ಆಕೆ. "ಶುದ್ಧ ಅಂತ ಬರೆಯೂಕೆ ನಮ್ಮಲ್ಲಿ ಸೀಲಿಲ್ಲ."

ಇಲ್ಲಿ ಸುಳ್ಳು ಹೇಳಿಬಿಡಬಹುದಿತ್ತು. ಸುಳ್ಳಿನಲ್ಲಿ ಅಷ್ಟು ಪಳಗಿದ ಕೈ, ಒಂದು ಶಬ್ದ ಬರೆದುಕೊಟ್ಟಿದ್ದರೆ ಕೇರಿ ಬಾಯಿ ಮುಚ್ಚುತ್ತಿತ್ತು, ಭಾನುವಾರದ ಗಂಡೂ ತಪ್ಪುತ್ತಿದ್ದ. ಯಾಕೆ ಬರೆಯಲಿಲ್ಲ ಎಂದು ನಾನು ಆಮೇಲೆ ಜೀಪಿನಲ್ಲಿ ಕೇಳಿದೆ. ಇವತ್ತು ಶುದ್ಧ ಎಂದು ಬರೆದುಕೊಟ್ಟರೆ ನಾಳೆ ಕೇರಿಯ ಪ್ರತಿ ಹುಡುಗಿಯೂ ಅದನ್ನು ಹಿಡಿದುಕೊಂಡೇ ಹೊಳೆಗಿಳಿಯಬೇಕಾಗುತ್ತದೆ ಎಂದರು. ಅಥವಾ, ಸುಮ್ನೆ ಕೂತ್ಕಳಿ ಮಾರಾಯ್ರೆ ತಲೆನೋವು, ಎಂದರು. ಮೊದಲಿನದು ನಾನು ಆಮೇಲೆ ಯೋಚಿಸಿದ್ದಾಗಿರಬಹುದು.

ಆದರೆ ಅದು ಜೀಪಿನ ಮಾತು. ಆಗ ಕೋಣೆಯೊಳಗೆ, ಕಾಗದ ಇಲ್ಲದೆ ಕೇರಿಗೆ ಹೋಗುವುದು ಹೇಗೆ ಎಂದು ತಾಯಿ ಲೆಕ್ಕ ಹಾಕುತ್ತಿದ್ದಿರಬೇಕು. ಭಾನುವಾರದವನನ್ನು ಬಿಟ್ಟರೆ ಕಾಯಿಲೆಯ ಹುಡುಗಿಗೆ ಇನ್ನೊಬ್ಬ ಸಿಗುತ್ತಾನೆಯೇ ಎಂಬ ಹೆದರಿಕೆ ಅವಳಿಗೆ ಸಣ್ಣದಾಗಿರಲಿಲ್ಲ. ಆಗ ಹುಡುಗಿ ಮತ್ತೊಮ್ಮೆ ಅದೇ ವಾಕ್ಯ ಹೇಳಿದಳು, ಈ ಸಲ ತಾಯಿಗೆ. ತಾಯಿ ಅಕ್ಕೋರನ್ನು ಕೇಳಿದಳು, ಮಾತ್ರೆ ತಗೊಳ್ತಾ ಇದ್ರೆ ಅವ್ಳು ಹೊಳೆ ಕೆಲಸ ಮಾಡಿಕೊಂಡು ಇರಬಹುದಾ, ನಾ ಸತ್ತ ಮೇಲೂ? ಇರಬಹುದು ಎಂದರು ಆಕೆ. ಮದುವೆ ಆಗದೇ ಇದ್ರೂ? ಆದ್ರೂ, ಆಗದೇ ಇದ್ರೂ. ಅವಳಿಗೆ ಬೇಕು ಅನ್ನಿಸಿದ ದಿನ ಅವಳೇ ಹೇಳ್ತಾಳೆ.

"ಭಾನುವಾರ ಬರೂರು ಬರ್ಲಿ," ಎಂದಳು ತಾಯಿ ಮಗಳಿಗೆ. "ಊಟ ಹಾಕಿ ಕಳ್ಸುವಾ. ಮಾತು ಬ್ಯಾಡ."

ಅಲ್ಲಿಗೆ ಮುಗಿಯಿತೆಂದು ನಾನು ಹೊಸ ಚೀಟಿಯ ಮಾತ್ರೆ ತೆಗೆದಿಟ್ಟೆ. ಆದರೆ ಕುರ್ಚಿ ಸರಿದ ಸದ್ದಾಗಲಿಲ್ಲ. ಆ ದೊಡ್ಡ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು.

"ನೀ ಒಂಚೂರು ಹೊರಗೆ ನಿಂತ್ಕ. ನಂಗೆ ಅಕ್ಕೋರತ್ರ ಒಂದು ಕೇಳೂದದೆ."

"ಎಂತದು?"

"ನಿಂದಲ್ಲ. ನಂದು."

ಹುಡುಗಿ ಹೊರಗೆ ಬಂದಳು. ನಾನೂ ಸ್ಟೂಲು ತೆಗೆದುಕೊಂಡು, ಕಿಟಕಿಗೆ ಚಿಲಕ ಹಾಕಿ, ವರಾಂಡಕ್ಕೆ ಬಂದೆ. ಹಾಗಾಗಿ ಆ ಹೆಂಗಸು ಏನು ಕೇಳಿದಳು, ಆಕೆ ಏನು ಹೇಳಿದರು, ನನಗೆ ಅರ್ಧವೂ ಗೊತ್ತಿಲ್ಲ. ಬಹಳ ಹೊತ್ತು ಹಿಡಿಯಿತು. ಮಾತ್ರೆಗೆ ಬಂದವರ ಸಾಲು ವರಾಂಡ ದಾಟಿ ಮೆಟ್ಟಿಲಿಗೆ ಇಳಿಯಿತು. ಎಂತಕೆ ಮುಚ್ಚಿದ್ದು, ಒಳಗೆ ಎಂತ ನಡೀತಾ ಅದೆ ಎಂದು ಮುಂದಿದ್ದವನೊಬ್ಬ ನನ್ನನ್ನು ಗದರಿಸಿದ. ನಾನು ಏನು ಹೇಳುವುದೆಂದು ಹುಡುಕುತ್ತಿದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಹುಡುಗಿ ಅವನ ಕಡೆ ತಿರುಗಿದಳು.

"ತಡೀರಿ," ಎಂದಳು. "ಒಳಗೆ ಪೇಶಂಟ್ ಇದ್ದಾರೆ."